ಹತ್ತು ದಿನ, ಒಂದೇ ಶಾಲೆ

ಬೀದರ್ ಜಿಲ್ಲೆಯ ಹುಮನಾಬಾದ್ ಪಕ್ಕದ ಮಾಣಿಕನಗರದ ಆಚೆಗಿನ ಎರೆ ಹೊಲವೊಂದರಲ್ಲಿ ಕಳೆದ ಚಳಿಗಾಲ ಏಳನೇ ತರಗತಿಯ ಹುಡುಗನೊಬ್ಬ ಒಣಗಿದ ತೊಗರಿ ಗಿಡವನ್ನು ಬೇರುಸಹಿತ ಕಿತ್ತು ತಂದು ನನ್ನ ಮುಂದೆ ಹಿಡಿದ. "ನೀರ ಕಮ್ಮಿ ಆಗಿ ಒಣಗಿದ್ದಲ್ಲರಿ ಸರ್ ಇದು. ಬಾಜೂದ್ದು ನೋಡ್ರಿ, ಹಸರ ಅದ. ಹಿಂಗ್ಯಾಕ?" ಅವನ ಅಜ್ಜ ಗಿಡ ಇಸಿದುಕೊಂಡು ಕುಡಗೋಲಿನ ತುದಿಯಿಂದ ಕಾಂಡವನ್ನು ಉದ್ದಕ್ಕೆ ಸೀಳಿದರು. ಸಿಪ್ಪೆಯ ಕೆಳಗೆ ಬೇರಿನಿಂದ ಮೇಲಕ್ಕೆ ಹತ್ತಿದ ಕಂದುಗಪ್ಪು ಗೆರೆಗಳು. ಹೊರಮೈಯಲ್ಲಿ ಬುಡದಿಂದ ಗೇಣುದ್ದ ಏರಿದ ನೇರಳೆ ಬಣ್ಣದ ಪಟ್ಟಿ. "ನೆಟೆ ಹತ್ಯಾದ" ಎಂದು ಗಿಡವನ್ನು ಬದುವಿಗೆ ಎಸೆಯುತ್ತ ಅಜ್ಜ ಇನ್ನೊಂದು ಮಾತು ಸೇರಿಸಿದರು: "ಮೊದಲ ಜೋಳದಾಗ ತೊಗರಿ ಹಾಕತಿದ್ದಿವಿ. ಆವಾಗ ಇಷ್ಟು ಇರಲಿಲ್ಲ."

ಹುಡುಗ ಕೇಳಿದ್ದು ಪ್ರಶ್ನೆ. ಅಜ್ಜ ಹೇಳಿದ್ದು ಪರೀಕ್ಷೆ ಮಾಡಿ ನೋಡಬಹುದಾದ ಊಹೆ. ಸಂಶೋಧನೆ ಶುರುವಾಗಲು ಇವೆರಡು ಸಾಕು. ಆದರೆ ಗಿಡ ಬದುವಿನ ಮೇಲೆ ಬಿದ್ದಲ್ಲಿಗೇ ಆ ವಿಚಾರವೂ ನಿಂತಿತು. ಅದೇ ವರ್ಷ ಅವನ ವಿಜ್ಞಾನ ಪುಸ್ತಕದಲ್ಲಿ ಸಸ್ಯಗಳಲ್ಲಿ ನೀರು ಮೇಲೇರುವ ಪಾಠವಿತ್ತು. ಕ್ಸೈಲಂ ಎಂಬ ಶಬ್ದವನ್ನು ಅವನು ಬಾಯಿಪಾಠ ಮಾಡಿದ್ದ. ತಾನು ಹೊಲದಲ್ಲಿ ಕಂಡ ಕಂದು ಗೆರೆ ಅದೇ ಕ್ಸೈಲಂ, ಆ ನಾಳಗಳೊಳಗೆ ಫ್ಯುಸೇರಿಯಂ ಎಂಬ ಶಿಲೀಂಧ್ರ ಬೆಳೆದು ನೀರಿನ ದಾರಿ ಕಟ್ಟಿದೆ ಎಂದು ಅವನಿಗೆ ಹೇಳುವವರು ಅಲ್ಲಿರಲಿಲ್ಲ. ನನಗೂ ಅದು ತಿಳಿದದ್ದು ಆಮೇಲೆ ಓದಿದಾಗ.

ಹೇಳಬಲ್ಲವರು ದೂರವೇನೂ ಇಲ್ಲ. ಹುಮನಾಬಾದಿನ ಮೇಲೆ ಹಾಯ್ದು ಹೋಗುವ 65ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೈದರಾಬಾದ್ ಬಸ್ಸು ಹತ್ತಿದರೆ ಜಹೀರಾಬಾದ್, ಸಂಗಾರೆಡ್ಡಿ ದಾಟಿದ ಮೇಲೆ ಪಟಾನ್‌ಚೆರು ಬರುತ್ತದೆ. ಇಕ್ರಿಸ್ಯಾಟ್ ಇರುವುದು ಅಲ್ಲೇ. 1972ರಲ್ಲಿ ಶುರುವಾದ ಈ ಅಂತರರಾಷ್ಟ್ರೀಯ ಸಂಸ್ಥೆ ಮುಖ್ಯವಾಗಿ ಕೆಲಸ ಮಾಡುತ್ತ ಬಂದ ಬೆಳೆಗಳೆಂದರೆ ಜೋಳ, ಸಜ್ಜೆ, ಕಡಲೆ, ತೊಗರಿ, ಶೇಂಗಾ. ನಮ್ಮ ತಾಲ್ಲೂಕಿನ ಹೊಲಗಳ ಹೆಸರು ಕರೆದ ಹಾಗಿದೆ ಪಟ್ಟಿ. ಅಲ್ಲಿನ ಬೀಜ ಭಂಡಾರದಲ್ಲಿ ತೊಗರಿಯದೇ 13,000ಕ್ಕೂ ಹೆಚ್ಚು ಮಾದರಿಗಳಿವೆ. ನೆಟೆ ರೋಗ ತಡೆಯುತ್ತದೆಂದು ನಮ್ಮ ಕಡೆಯ ರೈತರು ಬಿತ್ತಿದ ಮಾರುತಿ ತಳಿ ಅದೇ ಸಂಸ್ಥೆಯ ಕೆಲಸದಿಂದ 1986ರಲ್ಲಿ ಕರ್ನಾಟಕಕ್ಕೆ ಬಂದದ್ದು. ಜೋಳದ ಜೊತೆ ಮಿಶ್ರವಾಗಿ ಬೆಳೆದ ತೊಗರಿಯಲ್ಲಿ ನೆಟೆ ಕಡಿಮೆ ಎಂಬುದನ್ನೂ ಅಲ್ಲಿನ ವಿಜ್ಞಾನಿಗಳು ಪ್ರಯೋಗದಿಂದ ಕಂಡಿದ್ದರು. ಅಜ್ಜ ಬದುವಿನ ಮೇಲೆ ನಿಂತು ಹೇಳಿದ್ದೂ ಅದನ್ನೇ.

ಹೆದ್ದಾರಿ ಇದೆ, ಬಸ್ಸಿದೆ, ಉತ್ತರವೂ ಇದೆ. ಆ ಉತ್ತರ ಏಳನೇ ತರಗತಿಯ ಹುಡುಗನ ತನಕ ನಡೆದು ಬರುವ ಪದ್ಧತಿ ಮಾತ್ರ ಇಲ್ಲ. ಸಂಶೋಧನಾ ಸಂಸ್ಥೆಗಳು ಮಕ್ಕಳಿಗಾಗಿ ಏನೂ ಮಾಡುತ್ತಿಲ್ಲವೆಂದು ನಾನು ಹೇಳುತ್ತಿಲ್ಲ. ಮಾಡುತ್ತಿರುವ ಬಹುಪಾಲು ಕೆಲಸ 'ತೋರಿಸುವ' ಕೆಲಸವಾಗಿದೆ, 'ಕೂಡಿ ಮಾಡುವ' ಕೆಲಸವಾಗಿಲ್ಲ. ನನ್ನ ತಕರಾರು ಇದು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ತನ್ನ ಬಾಗಿಲುಗಳನ್ನು ಜನರಿಗೆ ತೆರೆಯುತ್ತದೆ. ಸಾವಿರಾರು ಜನ ಮಕ್ಕಳ ಕೈ ಹಿಡಿದು ಬರುತ್ತಾರೆ. ಸೆಪ್ಟೆಂಬರ್ 26 ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ (ಸಿಎಸ್‌ಐಆರ್) ಹುಟ್ಟಿದ ದಿನ, ಅಂದು ಅದರ ಪ್ರಯೋಗಾಲಯಗಳು ಶಾಲಾ ಮಕ್ಕಳನ್ನು ಒಳಗೆ ಬಿಡುತ್ತವೆ. ಫೆಬ್ರುವರಿ 28ಕ್ಕೆ, ರಾಮನ್ ಪರಿಣಾಮ ಪತ್ತೆಯಾದ ದಿನದಂದು, ದೇಶದ ತುಂಬ ಭಾಷಣ, ವಸ್ತುಪ್ರದರ್ಶನ. ಇವೆಲ್ಲ ಬೇಕು. ದ್ರವ ಸಾರಜನಕದಲ್ಲಿ ಅದ್ದಿದ ಗುಲಾಬಿ ಹೂವು ಗಾಜಿನ ಹಾಗೆ ಒಡೆಯುವುದನ್ನು ಕಂಡ ಮಗು ಅದನ್ನು ಮರೆಯುವುದಿಲ್ಲ. ಆದರೆ ಬರುವವರು ಯಾರು? ಸಿಟಿ ಬಸ್ಸಿನಲ್ಲಿ ಬಂದು ಹೋಗಬಲ್ಲವರು. ಮಾಣಿಕನಗರದಿಂದ ಬೆಂಗಳೂರಿಗೆ ಆರುನೂರಕ್ಕೂ ಹೆಚ್ಚು ಕಿಲೋಮೀಟರ್.

ಒಮ್ಮೆ ನಮ್ಮ ಕಡೆಯ ಸರಕಾರಿ ಶಾಲೆಯ ಮಕ್ಕಳ ಜೊತೆ ದೊಡ್ಡ ಊರಿನ ಸಂಸ್ಥೆಯೊಂದರ ಪ್ರದರ್ಶನಕ್ಕೆ ನಾನೂ ಹೋಗಿದ್ದೆ. ರಾತ್ರಿಯಿಡೀ ಪ್ರಯಾಣ, ಬೆಳಿಗ್ಗೆ ಸಾಲು. ವಿವರಿಸುತ್ತಿದ್ದ ಯುವ ಸಂಶೋಧಕರು ಒಳ್ಳೆಯವರೇ. ಗಂಟಲು ಬೀಳುವ ತನಕ ಹೇಳಿದರು, ಆದರೆ ಹೇಳಿದ್ದು ಇಂಗ್ಲಿಷಿನಲ್ಲಿ. ಹಿಂದಿನಿಂದ ಇನ್ನೊಂದು ಶಾಲೆ ನೂಕುತ್ತಿದ್ದುದರಿಂದ ಒಂದು ಮೇಜಿನ ಮುಂದೆ ಮೂರು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಹಾಗಿರಲಿಲ್ಲ. ವಾಪಸು ಬರುವಾಗ ಒಬ್ಬಳು ಹುಡುಗಿಯ ನೋಟ್‌ಬುಕ್ ನೋಡಿದೆ. ಫಲಕದ ಮೇಲಿನ ಇಂಗ್ಲಿಷನ್ನು ಅಕ್ಷರ ಅಕ್ಷರ ಜೋಡಿಸಿ ಶ್ರದ್ಧೆಯಿಂದ ನಕಲು ಮಾಡಿಕೊಂಡಿದ್ದಳು. ಕೊನೆಯ ಸಾಲು, 'ಮುಟ್ಟಬೇಡಿ' ಎಂಬ ಸೂಚನೆ, ಅದೂ ಪಾಠದ ಭಾಗವಾಗಿ ಅವಳ ಪುಸ್ತಕಕ್ಕೆ ಬಂದಿತ್ತು. ಮನೆಗೆ ಹೋಗಿ ಅವಳು ಅದನ್ನೂ ಓದಿ ನೆನಪಿಟ್ಟುಕೊಂಡಿರುತ್ತಾಳೆ ಎಂದು ನೆನೆದರೆ ಈಗಲೂ ಸಂಕಟವಾಗುತ್ತದೆ.

2017ರಲ್ಲಿ 'ಜಿಜ್ಞಾಸಾ' ಎಂಬ ಯೋಜನೆ ಬಂತು. ಸಿಎಸ್‌ಐಆರ್‌ನ 38 ಪ್ರಯೋಗಾಲಯಗಳನ್ನು 1,151 ಕೇಂದ್ರೀಯ ವಿದ್ಯಾಲಯಗಳಿಗೆ ಜೋಡಿಸಿ ವರ್ಷಕ್ಕೆ ಒಂದು ಲಕ್ಷ ವಿದ್ಯಾರ್ಥಿಗಳನ್ನೂ ಸುಮಾರು ಸಾವಿರ ಶಿಕ್ಷಕರನ್ನೂ ತಲುಪುವ ಗುರಿ. ಆಮೇಲೆ ಬೇರೆ ಶಾಲೆಗಳಿಗೂ ಅದು ವಿಸ್ತರಿಸಿತು, ಸಂತೋಷ. ಆದರೂ ಮೊದಲ ಆಯ್ಕೆ ಕೇಂದ್ರ ನೌಕರರ ಮಕ್ಕಳು ಓದುವ, ಇಂಗ್ಲಿಷ್ ಹಿಂದಿ ಮಾಧ್ಯಮದ ಶಾಲೆಗಳೇ ಆದದ್ದು ಆಕಸ್ಮಿಕವಲ್ಲ. ಭಾಷೆಯ ತೊಡಕಿಲ್ಲ, ಆಡಳಿತ ಒಂದೇ, ಲೆಕ್ಕ ಕೊಡುವುದು ಸುಲಭ. ಸುಲಭವಾದಲ್ಲಿಗೆ ವಿಜ್ಞಾನ ಮೊದಲು ಹೋಗುತ್ತದೆ. ಕಷ್ಟವಿರುವಲ್ಲಿ ಅದರ ಅಗತ್ಯ ಹೆಚ್ಚು.

ಇದರ ಹಿಂದೆ ಎರಡು ಉದ್ದೇಶಗಳ ಗೊಂದಲವಿದೆ. ನಾಳೆಯ ವಿಜ್ಞಾನಿಗಳನ್ನು ಆರಿಸುವುದು ಒಂದು. ಎಲ್ಲ ಮಕ್ಕಳಿಗೂ ಕಾರಣ ಕೇಳುವ, ಪರೀಕ್ಷಿಸಿ ನೋಡುವ ರೂಢಿ ಬೆಳೆಸುವುದು ಇನ್ನೊಂದು. ಪ್ರತಿಭಾ ಪರೀಕ್ಷೆ, ಒಲಿಂಪಿಯಾಡ್, ಫೆಲೋಶಿಪ್ ಇವೆಲ್ಲ ಮೊದಲನೆಯದಕ್ಕೆ. ಅಲ್ಲಿ ಜರಡಿ ಹಿಡಿಯುವುದೇ ಕೆಲಸ; ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳು ಕೆಳಗೆ ಬೀಳಲೇಬೇಕು. ತೆರಿಗೆ ಹಣದಿಂದ ನಡೆಯುವ ಸಂಸ್ಥೆಗೆ ಆ ತೊಂಬತ್ತೊಂಬತ್ತು ಮಕ್ಕಳ ಋಣ ಇಲ್ಲವೇ? ನೆಟೆ ಹತ್ತಿದ ಗಿಡ ತಂದ ಹುಡುಗ ವಿಜ್ಞಾನಿ ಆಗದೆ ಹೊಲ ಮಾಡಿಕೊಂಡೇ ಇರಬಹುದು. ಆಗಲೂ ಅವನಿಗೆ ಆ ಉತ್ತರ ಬೇಕು, ಬಹುಶಃ ಆಗ ಇನ್ನೂ ಹೆಚ್ಚು ಬೇಕು. 2022ರ ಹಂಗಾಮಿನಲ್ಲಿ ಕಲಬುರಗಿ, ಬೀದರ್ ಸೀಮೆಯಲ್ಲಿ ಹೊಲಕ್ಕೆ ಹೊಲವೇ ನೆಟೆಯಿಂದ ಒಣಗಿ ನಿಂತು, ಸರಕಾರ ಪರಿಹಾರ ಘೋಷಿಸಬೇಕಾಯಿತು. ಆ ವರ್ಷ ಯಾವ ಮನೆಯಲ್ಲಿ ಏನು ನಿಂತಿತು, ಯಾವ ಮಗಳ ಓದು ನಿಂತಿತು ಎಂಬುದು ಪರಿಹಾರದ ಪಟ್ಟಿಯಲ್ಲಿ ಬರುವುದಿಲ್ಲ.

ವಿಜ್ಞಾನ ಬಂದು ತೋರಿಸಿ ಹೋಗುವುದಕ್ಕೂ ಬಂದು ನೆಲೆಸುವುದಕ್ಕೂ ಇರುವ ಅಂತರವನ್ನು ನಮ್ಮ ಸೀಮೆಯ ಎರಡು ಗ್ರಹಣಗಳು ಹೇಳುತ್ತವೆ. 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣಕ್ಕೆ ಲಂಡನ್ನಿನ ರಾಯಲ್ ಸೊಸೈಟಿಯ ಪರವಾಗಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಗೆ ಬಂದಿದ್ದ, ಯುರೇನಸ್ ಕಂಡುಹಿಡಿದ ವಿಲಿಯಂ ಹರ್ಷೆಲನ ಮೊಮ್ಮಗ. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ಒಡೆದು ನೋಡುವ ಉಪಕರಣ ಅವನ ಬಳಿ ಇತ್ತು. ವಿಜಾಪುರದಲ್ಲಿ ಇನ್ನೊಂದು ತಂಡ ಕಾದಿತ್ತು. ನೋಡಿದರು, ಬರೆದುಕೊಂಡರು, ಸರಂಜಾಮು ಕಟ್ಟಿಕೊಂಡು ಹೋದರು. ಅದಾಗಿ 151 ವರ್ಷಕ್ಕೆ, 2019ರ ಡಿಸೆಂಬರ್ 26ರ ಗ್ರಹಣದ ಹೊತ್ತಿಗೆ, ಕಲಬುರಗಿ ಪಕ್ಕದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಯಿತು. ಗ್ರಹಣ ಬಿಡುವಷ್ಟರಲ್ಲಿ ವಾಸಿಯಾಗುತ್ತದೆಂಬ ನಂಬಿಕೆ. ಅಳುತ್ತಿದ್ದ ಮಕ್ಕಳ ಚಿತ್ರ ನೋಡಿದ ದೇಶವೆಲ್ಲ ಆ ತಾಯಿ ತಂದೆಯರನ್ನು ಬೈಯಿತು. ನನಗೆ ಬೈಯಲು ಬಾಯಿ ಬರಲಿಲ್ಲ. ಎಷ್ಟು ಬಾಗಿಲು ತಟ್ಟಿ ಸೋತ ಮೇಲೆ ಒಬ್ಬ ತಾಯಿ ತನ್ನ ಕೂಸನ್ನು ಮಣ್ಣಿಗೆ ಇಳಿಸಲು ಒಪ್ಪುತ್ತಾಳೆ ಎಂದು ಯೋಚಿಸಿದೆ. ಕಲಬುರಗಿ ನಗರದಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ 1984ರಿಂದ ಇದೆ. ನಮ್ಮ ಸೀಮೆಗೆ ಇರುವ ದೊಡ್ಡ ಆಸ್ತಿ ಅದು, ಅದನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಕಟ್ಟಡ ಎಷ್ಟೇ ಚೆನ್ನಾಗಿದ್ದರೂ ಕೆಲವೇ ಮೈಲಿ ಆಚೆಯ ಮನೆಯೊಳಗೆ ಅದು ತಾನಾಗಿ ಹೋಗಲಾರದು. ಹೋಗಬೇಕಾದವರು ಮನುಷ್ಯರು, ಒಂದು ಸಲವಲ್ಲ, ಮತ್ತೆ ಮತ್ತೆ.

ಮತ್ತೆ ಮತ್ತೆ ಹೋದ ಒಂದು ದೊಡ್ಡ ಉದಾಹರಣೆ ನಮ್ಮ ದೇಶದಲ್ಲಿ ಇದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಹಳ್ಳಿ ಶಾಲೆಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಅದರ ಹಿಂದಿದ್ದವರಲ್ಲಿ ಒಬ್ಬರು ಅನಿಲ್ ಸದ್ಗೋಪಾಲ್, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಕೆಲಸ ಬಿಟ್ಟು ಹಳ್ಳಿಗೆ ಬಂದ ಅಣುಜೀವಶಾಸ್ತ್ರಜ್ಞ. ಆ ಸಂಸ್ಥೆಯ ಮತ್ತು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ರಜೆ ಹಾಕಿ ಬಂದು ಶಿಕ್ಷಕರ ಜೊತೆ ನೆಲದ ಮೇಲೆ ಕೂತರು. ಮಕ್ಕಳು ಪ್ರಯೋಗ ಮಾಡಿಯೇ ಪಾಠ ಕಲಿಯಬೇಕು, ಪರೀಕ್ಷೆಯಲ್ಲಿ ಪುಸ್ತಕ ತೆರೆದಿಟ್ಟುಕೊಂಡು ಬರೆಯಬಹುದು, ಪ್ರಯೋಗದ ಪರೀಕ್ಷೆಯೂ ಇರಬೇಕು ಎಂದು ವ್ಯವಸ್ಥೆಯನ್ನೇ ತಿರುಗಿಸಿದರು. ಶಿಕ್ಷಕರು ತಿಂಗಳಿಗೊಮ್ಮೆ ಸೇರಿ ತರಗತಿಯಲ್ಲಿ ಏನು ಕೆಟ್ಟಿತು, ಏನು ಕೂಡಿಬಂತು ಎಂದು ಮಾತಾಡುತ್ತಿದ್ದರು. 'ಸವಾಲೀರಾಮ್' ಎಂಬ ಕಲ್ಪಿತ ಹೆಸರಿಗೆ ಮಕ್ಕಳು ಕಾಗದ ಬರೆದು ಪ್ರಶ್ನೆ ಕೇಳಿದರೆ ಉತ್ತರ ಬರುತ್ತಿತ್ತು. ಮುಂದೆ ಸುಮಾರು ಸಾವಿರ ಶಾಲೆಗಳಿಗೆ ಹಬ್ಬಿದ ಆ ಕಾರ್ಯಕ್ರಮವನ್ನು 2002ರಲ್ಲಿ ಸರಕಾರ ನಿಲ್ಲಿಸಿತು. ನಿಂತದ್ದರ ಬಗ್ಗೆ ನನಗೆ ದುಃಖವಿದೆ. ಮೂವತ್ತು ವರ್ಷ ನಡೆದದ್ದು ಮಾತ್ರ, ಹಳ್ಳಿ ಶಾಲೆಯಲ್ಲಿ ಇದೆಲ್ಲ ಆಗದು ಎನ್ನುವವರಿಗೆ ಉತ್ತರ.

ಕನ್ನಡದಲ್ಲಿಯೂ ಇಂಥ ಶ್ರದ್ಧೆಗೆ ಕೊರತೆ ಇರಲಿಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲೇ 'ವಿಜ್ಞಾನ' ಎಂಬ ಮಾಸಪತ್ರಿಕೆ ತಂದರು. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ವಾರವಾರವೂ ವಿಜ್ಞಾನಿಗಳನ್ನು ಜನರ ಮುಂದೆ ನಿಲ್ಲಿಸಿತು. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ' ಓದಿ ಬೆಳೆದ ಶಿಕ್ಷಕರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಪರಿಷತ್ತು ನಮ್ಮ ರಾಜ್ಯದಲ್ಲಿ ನಡೆಸಿಕೊಂಡು ಬಂದ ಮಕ್ಕಳ ವಿಜ್ಞಾನ ಸಮಾವೇಶದ ಕಲ್ಪನೆ ಬಹಳ ದೊಡ್ಡದು: 10ರಿಂದ 17 ವರ್ಷದ ಮಕ್ಕಳು ತಮ್ಮೂರಿನ ಸಮಸ್ಯೆಯೊಂದನ್ನು ತಮ್ಮ ಭಾಷೆಯಲ್ಲೇ ಅಧ್ಯಯನ ಮಾಡಬೇಕು. ಆದರೆ ಶಾಲೆಗಳ ವಿಜ್ಞಾನ ಮೇಳಗಳಲ್ಲಿ ತೀರ್ಪುಗಾರನಾಗಿ ಕೂತಾಗ ಥರ್ಮೋಕೋಲಿನ ಜ್ವಾಲಾಮುಖಿ, ದೊಡ್ಡವರು ಬರೆದುಕೊಟ್ಟ ವರದಿ ಬಹಳ ಕಂಡಿದ್ದೇನೆ. ಮಗುವಿನ ತಪ್ಪಲ್ಲ ಅದು. ತನ್ನ ಪ್ರಶ್ನೆಯ ಜೊತೆ ಕೊನೆಯ ತನಕ ನಿಲ್ಲುವ ಬಲ್ಲವರೊಬ್ಬರು ಸಿಕ್ಕದಿದ್ದಾಗ ಮಗು ಇನ್ನೇನು ಮಾಡೀತು?

ಪ್ರಶ್ನೆಗಳಿಗೆ ನಮ್ಮಲ್ಲಿ ಬರವಿಲ್ಲ. ಬಿದ್ರಿ ಕುಸುರಿಯ ಹೂಜಿಯನ್ನು ಬೀದರ್ ಕೋಟೆಯ ಹಳೇ ಮಣ್ಣು, ನವಸಾಗರ ಕಲಸಿದ ಬಿಸಿನೀರಿಗೆ ಹಾಕಿದರೆ ಸತುವಿನ ಮೈ ಕಡುಗಪ್ಪಾಗುತ್ತದೆ, ಬೆಳ್ಳಿಯ ಎಳೆ ಬೆಳ್ಳಗೇ ಉಳಿಯುತ್ತದೆ. ಆ ಮಣ್ಣಲ್ಲಿ ಇರುವುದೇನು, ಬೇರೆ ಮಣ್ಣಿಗೆ ಅದು ಯಾಕೆ ಒಲಿಯದು? ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಎರಡು ಕಿಲೋಮೀಟರಿಗೂ ಹೆಚ್ಚು ದೂರ ನೆಲದೊಳಗೆ ಹರಿದಿದೆ. ಮೇಲೆ ನೀರು ಇಳಿಸುವ ಜಂಬಿಟ್ಟಿಗೆ, ಕೆಳಗೆ ಗಟ್ಟಿ ಕರಿಗಲ್ಲು, ಎರಡರ ನಡುವಿನ ನೀರನ್ನು ಹಿಡಿದವರ ಭೂಜ್ಞಾನ ಎಷ್ಟಿತ್ತು! ಬೀದರಿನಲ್ಲೇ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ನಮ್ಮ ಕೊಟ್ಟಿಗೆಗಳಲ್ಲಿ ದೇವಣಿ ದನಗಳಿವೆ. ಒಂದೊಂದು ಊರಿಗೂ ಒಂದು ಪ್ರಯೋಗಾಲಯ ಆಗಲೇ ಇದೆ, ಹೆಸರು ಬರೆಯದ ಪ್ರಯೋಗಾಲಯ.

ಈಗ ನನ್ನ ಕೋರಿಕೆಗೆ ಬರುತ್ತೇನೆ. ಕೇಂದ್ರ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2022ರಲ್ಲಿ ವಿಜ್ಞಾನಿಗಳ ಸಾಮಾಜಿಕ ಹೊಣೆಯ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಪ್ರತಿಯೊಬ್ಬರೂ ವರ್ಷಕ್ಕೆ ಕನಿಷ್ಠ 10 ದಿನ ತಮ್ಮ ಜ್ಞಾನವನ್ನು ಸಮಾಜದ ಜೊತೆ ಹಂಚಿಕೊಳ್ಳಬೇಕೆಂಬ ಮಾತು ಅದರಲ್ಲಿದೆ. ಈ ಹತ್ತು ದಿನಗಳನ್ನು ಹತ್ತು ಶಾಲೆಗಳಲ್ಲಿ ಹತ್ತು ಭಾಷಣ ಮಾಡಿ ಮುಗಿಸಬಹುದು. ವರದಿಯಲ್ಲಿ ತಲುಪಿದ ಮಕ್ಕಳ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ. ಹಾಗೆ ಮಾಡಬೇಡಿ ಎಂದು ನಾನು ಕೈಮುಗಿದು ಕೇಳುತ್ತೇನೆ. ಹತ್ತು ದಿನವನ್ನೂ ಒಂದೇ ಶಾಲೆಗೆ ಕೊಡಿ, ಒಂದೇ ಪ್ರಶ್ನೆಗೆ ಕೊಡಿ.

ತೊಗರಿಯನ್ನೇ ತೆಗೆದುಕೊಳ್ಳೋಣ. ಮುಂಗಾರು ಬಿದ್ದು ಬಿತ್ತುವಾಗ ಒಂದು ಸಲ ಬನ್ನಿ. ಒಂದು ಪಟ್ಟಿಯಲ್ಲಿ ಬರೀ ತೊಗರಿ, ಇನ್ನೊಂದರಲ್ಲಿ ಜೋಳದ ಜೊತೆ ತೊಗರಿ. ಸಾಲಿಗೆ ಗೂಟ ಹೊಡೆದು ಮಕ್ಕಳೇ ಗಿಡಗಳಿಗೆ ನಂಬರು ಕೊಡಲಿ. ಮೊದಲ ವರ್ಷ ತರಬೇತಿ ಮಕ್ಕಳಿಗಿಂತ ಶಿಕ್ಷಕರಿಗೆ ಹೆಚ್ಚು ಬೇಕು. ಭಾರತೀಯ ವಿಜ್ಞಾನ ಸಂಸ್ಥೆ ಚಳ್ಳಕೆರೆಯ ತನ್ನ ಆವರಣದಲ್ಲಿ ಶಿಕ್ಷಕರಿಗೆ ಪ್ರಯೋಗ ಮಾಡಿಸಿ ಕಲಿಸುತ್ತ ಬಂದಿರುವುದು ಸರಿಯಾದ ದಾರಿ, ಏಕೆಂದರೆ ವಿಜ್ಞಾನಿ ಹೋದ ಮೇಲೂ ಊರಲ್ಲಿ ಉಳಿಯುವವರು ಶಿಕ್ಷಕರು. ಹೂ ಬಿಡುವಾಗ, ಕಾಯಿ ಕಟ್ಟುವಾಗ ನೆಟೆ ಹೆಚ್ಚು ಕಾಣುತ್ತದೆ, ಆಗ ಎರಡು ಮೂರು ಸಲ ಬರಬೇಕು. ಮಕ್ಕಳು ವಾರವಾರ ಎಣಿಸುತ್ತಾರೆ. ಒಣಗಿದ ಗಿಡದ ಕಾಂಡ ಸೀಳಿ ಕಂದು ಗೆರೆ ಇದೆಯೋ ಇಲ್ಲವೋ ಬರೆಯುತ್ತಾರೆ. ಗೆರೆಯಿಲ್ಲದೆ ಒಣಗಿದ್ದರೆ ಅದಕ್ಕೆ ಕಾರಣ ಬೇರೆ, ಆ ಭೇದ ಕಣ್ಣಿಗೆ ಹತ್ತುವ ದಿನವೇ ಮಗು ವಿಜ್ಞಾನದ ಒಳಗೆ ಕಾಲಿಟ್ಟಂತೆ. ಕೊಯ್ಲಾದ ಮೇಲೆ ಕೊನೆಯ ಭೇಟಿ: ಲೆಕ್ಕ ಕೂಡಿಸುವುದು, ತಪ್ಪು ಹುಡುಕುವುದು, ಮುಂದಿನ ವರ್ಷಕ್ಕೆ ಏನು ಬದಲಿಸಬೇಕೆಂದು ಮಾತಾಡುವುದು. ಕೂಳೆಯಲ್ಲಿ ಆ ಶಿಲೀಂಧ್ರ ಎರಡು ಮೂರು ವರ್ಷ ಬದುಕಿರುತ್ತದೆ, ಹಾಗಾಗಿ ಒಂದು ವರ್ಷದ ಲೆಕ್ಕ ಸಾಲದು ಎಂಬುದೂ ಅಲ್ಲೇ ತಿಳಿಯುತ್ತದೆ.

ಇದರಿಂದ ಸಂಸ್ಥೆಗೂ ಲಾಭವಿದೆ. ಕೇರಳದ ಶಾಲಾ ಮಕ್ಕಳು ಸೀಸನ್‌ವಾಚ್ ಎಂಬ ಯೋಜನೆಯಲ್ಲಿ ತಮ್ಮ ಅಂಗಳದ ಮರಗಳು ಯಾವಾಗ ಚಿಗುರಿದವು, ಹೂ ಬಿಟ್ಟವು ಎಂದು ವಾರವಾರ ಬರೆದಿಡುತ್ತಾರೆ. ವಿಷುವಿಗೆ ಅರಳಬೇಕಾದ ಕಕ್ಕೆ ಹೂವು ಕಾಲ ತಪ್ಪಿ ಅರಳುವುದನ್ನು ವಿಜ್ಞಾನಿಗಳು ಅಭ್ಯಾಸ ಮಾಡಲು ಅವರ ಲೆಕ್ಕ ಬೇಕಾಯಿತು. ಅಷ್ಟು ಊರುಗಳಲ್ಲಿ ಅಷ್ಟು ಕಣ್ಣುಗಳನ್ನು ಯಾವ ಸಂಸ್ಥೆಯೂ ಸಂಬಳ ಕೊಟ್ಟು ಇಡಲಾರದು.

ವಿಜ್ಞಾನಿಗಳ ಕಷ್ಟವೂ ನನಗೆ ಗೊತ್ತು. ಬಡ್ತಿಗೆ ಲೆಕ್ಕಕ್ಕೆ ಬರುವುದು ಸಂಶೋಧನಾ ಪ್ರಬಂಧ, ಹಳ್ಳಿ ಶಾಲೆಯ ಭೇಟಿ ಅಲ್ಲ. ಇದು ಬದಲಾಗದೆ ಹತ್ತು ದಿನದ ಮಾತು ಕಾಗದದ ಮೇಲೇ ಉಳಿಯುತ್ತದೆ, ಸಂಸ್ಥೆಯ ಮುಖ್ಯಸ್ಥರು ಕೂತು ತೀರ್ಮಾನಿಸಬೇಕಾದ ವಿಷಯ ಇದು. ಇನ್ನು ಭಾಷೆ. ನಮ್ಮ ತರಗತಿಯಲ್ಲಿ ಕನ್ನಡದ ಜೊತೆ ಮರಾಠಿ, ದಖನಿ ಉರ್ದು, ತೆಲುಗು, ಲಂಬಾಣಿ ಮನೆಮಾತಿನ ಮಕ್ಕಳು ಕೂತಿರುತ್ತಾರೆ. ಹಲವು ಭಾಷೆಗಳಲ್ಲಿ ಪದ ಕಟ್ಟಿದ ಸಂತ ಮಾಣಿಕಪ್ರಭುಗಳ ಊರಿಗೆ ಇದು ಹೊಸದಲ್ಲ. ವಿಜ್ಞಾನಿ ಅಚ್ಚುಕಟ್ಟಾದ ಕನ್ನಡ ಆಡಬೇಕಿಲ್ಲ. 'ನೆಟೆ' ಎಂಬ ಒಂದು ಶಬ್ದ ಕಲಿತು ಬಂದರೆ ಸಾಕು, ಉಳಿದದ್ದನ್ನು ಮಕ್ಕಳು ಕಲಿಸುತ್ತಾರೆ.

ಬರುವ ದಿನವನ್ನೂ ಊರಿನ ಪಂಚಾಂಗಕ್ಕೆ ಹೊಂದಿಸಿಕೊಳ್ಳಬಹುದು. ಮಾರ್ಗಶಿರ ಶುದ್ಧ ಏಕಾದಶಿ ಮಾಣಿಕಪ್ರಭುಗಳ ಪುಣ್ಯತಿಥಿ, ಹುಣ್ಣಿಮೆಗೆ ದತ್ತಜಯಂತಿ. ಮೂರು ರಾಜ್ಯಗಳ ಜನ ಮಾಣಿಕನಗರದಲ್ಲಿ ಸೇರುವ ಕಾಲ, ತೊಗರಿ ಕಾಯಿ ಬಲಿಯುವ ಕಾಲವೂ ಅದೇ. ಹುಣ್ಣಿಮೆಯ ಚಂದ್ರ ದೂರದರ್ಶಕದಲ್ಲಿ ಬರೀ ಬೆಳ್ಳಗೆ ಕಾಣುತ್ತಾನೆ. ಏಕಾದಶಿಯ ರಾತ್ರಿಯಾದರೆ ಬೆಳಕು ಕತ್ತಲೆಯ ಗಡಿಯಲ್ಲಿ ಕುಳಿಗಳ ಅಂಚು ನೆರಳು ಚೆಲ್ಲಿ ಎದ್ದು ನಿಲ್ಲುತ್ತದೆ. ಹಗಲು ಮಕ್ಕಳು ತಮ್ಮ ತೊಗರಿ ಲೆಕ್ಕವನ್ನು ಜಾತ್ರೆಗೆ ಬಂದ ರೈತರಿಗೆ ಹೇಳಲಿ, ರಾತ್ರಿ ಚಂದ್ರನನ್ನು ತೋರಿಸಲಿ. ಬಸವಕಲ್ಯಾಣದಲ್ಲಿ ಹೊಸ ಅನುಭವ ಮಂಟಪ ಏಳುತ್ತಿದೆ. ಅಂಬಿಗರು, ಮಡಿವಾಳರು, ಮಾದಾರರು ತಮ್ಮ ಕಾಯಕದ ಅನುಭವದಿಂದಲೇ ಮಾತಾಡಿದ ಜಾಗದ ಹೆಸರು ಅದಕ್ಕಿದೆ. ತಿಂಗಳಿಗೊಂದು ಸಂಜೆ ಅಲ್ಲಿ ವಿಜ್ಞಾನಿಯೂ ಏಳನೇ ತರಗತಿಯ ಮಗುವೂ ಎದುರುಬದುರು ಕೂರುವಂತಾಗಲಿ ಎಂಬುದು ನನ್ನ ಬಯಕೆ.

ಈ ಮಳೆಗಾಲ ಆ ಅಜ್ಜ ಹೊಲದ ಒಂದು ಮೂಲೆಯಲ್ಲಿ ಕೆಲವು ಸಾಲು ಜೋಳ ಹಾಕಿ ನಡುವೆ ತೊಗರಿ ಬಿತ್ತಿದ್ದಾರೆ, ಮೊಮ್ಮಗ ಬೆನ್ನುಬಿದ್ದದ್ದಕ್ಕೆ. ಹುಡುಗ ಹಳೇ ಸೀರೆಯ ಅಂಚು ಹರಿದು ಗಿಡಗಳಿಗೆ ಕಟ್ಟಿದ್ದಾನೆ, ಬರೀ ತೊಗರಿಗೆ ಕೆಂಪು, ಜೋಳದ ಜೊತೆಯದಕ್ಕೆ ಹಳದಿ. ಮೊನ್ನೆ ಹೋದಾಗ ನೋಟ್‌ಬುಕ್ ತೋರಿಸಿದ. ಎರಡು ಕಡೆಯ ಲೆಕ್ಕ ಬೇರೆ ಬೇರೆ ಬರುತ್ತಿದೆ, ಅಜ್ಜ ಹೇಳಿದ ಹಾಗೆಯೇ. ನಾನು ಭೇಷ್ ಎಂದೆ. ಅವನ ಮುಖ ಅರಳಲಿಲ್ಲ. ಪೆನ್ಸಿಲ್ಲಿನಿಂದ ಅಂಕಿಗಳ ಮೇಲೆ ತಟ್ಟುತ್ತ ಕೇಳಿದ:

"ಇಷ್ಟ ಗಿಡ ಎಣಿಸಿದ್ರ ನಂಬಬಹುದೇನ್ರಿ ಸರ್? ಎಷ್ಟು ಎಣಿಸಬೇಕು?"